ಕಸದ ಗುತ್ತಿಗೆಯಲ್ಲಿ ಪೈಪೋಟಿ ನಿಜಕ್ಕೂ ಯಾರ ಯಾರ ಮಧ್ಯೆ?

ಸೌತ್‌ಎಂಡ್ ಸರ್ಕಲ್ (ಚರ್ಚೆ ಶುರು ಮಾಡಿದವರು)

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಇದೇ ಜಗಳ. ಕೆಲವರು "ಪಾಲಿಕೆ ಕೈಲಿ ಆಗಲ್ಲ, ಪೂರ್ತಿ ಖಾಸಗಿಗೆ ಕೊಟ್ಟುಬಿಡಲಿ" ಅನ್ನುತ್ತಾರೆ. ಇನ್ನು ಕೆಲವರು "ಊರು ಹಾಳಾಗಿದ್ದೇ ಗುತ್ತಿಗೆದಾರರಿಂದ" ಅನ್ನುತ್ತಾರೆ. ಜಗಳ ಹುಟ್ಟಿದ್ದು ದುಡ್ಡಿನಿಂದ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವೂ ಬರುತ್ತಿದೆ. ಮನೆ 600 ಚದರ ಅಡಿಯೊಳಗೆ ಇದ್ದರೆ ತಿಂಗಳಿಗೆ 10 ರೂಪಾಯಿ, 1,000 ದಾಟಿ 2,000ದವರೆಗೆ ಇದ್ದರೆ 100, 4,000 ದಾಟಿದರೆ 400. ಕೊಡೋದಕ್ಕೆ ನನ್ನ ತಕರಾರಿಲ್ಲ. ಕೊಟ್ಟ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಾಗಲಿ, ಅಷ್ಟೇ.

ಈಗ ನಮ್ಮ ರಸ್ತೆಯನ್ನೇ ನೋಡಿ. ಗುಡಿಸುವ ಪೌರಕಾರ್ಮಿಕರಿಗೆ ಸಂಬಳ ಸರ್ಕಾರದ ಕಡೆಯಿಂದ. ಮನೆ ಮನೆಗೆ ಬರುವ ಆಟೊ ಟಿಪ್ಪರ್ ಗುತ್ತಿಗೆದಾರನದು. ಗುಡಿಸಿ ಮೂಲೆಗೆ ಸೇರಿಸಿದ ಗುಡ್ಡೆಯನ್ನು ಎತ್ತೋದು ಯಾರು ಅಂತ ಕೇಳಿದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ. ಅಷ್ಟರಲ್ಲಿ ನಾಯಿಗಳು ಎಳೆದಾಡಿರುತ್ತವೆ. ಖಾಸಗಿಯವರು ಬಂದರೆ ಪೈಪೋಟಿ ಬರುತ್ತದೆ, ಕೆಲಸ ಚೆನ್ನಾಗಿ ಆಗುತ್ತದೆ ಅನ್ನುತ್ತಾರಲ್ಲ, ಆ ಪೈಪೋಟಿ ಇಲ್ಲಿ ಎಲ್ಲಿದೆ? ಒಳಗಿನ ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಲೆಕ್ಕಿಗ

ಒಂದು ಸ್ಥಳೀಯ ಸಂಸ್ಥೆಯ ಲೆಕ್ಕಪತ್ರ ಶಾಖೆಯಲ್ಲಿದ್ದು ನಿವೃತ್ತನಾದವನು ನಾನು. ಕಸದ ಬಿಲ್‌ಗಳು ನನ್ನ ಮೇಜಿನ ಮೇಲೇ ಹಾದು ಹೋಗುತ್ತಿದ್ದವು. ನೀವು ಕೇಳಿದ ಪ್ರಶ್ನೆ ಸರಿಯಾಗಿದೆ.

ಕಸದಲ್ಲಿ ಪೈಪೋಟಿ ನಡೆಯೋದು ಒಂದೇ ದಿನ: ಟೆಂಡರ್ ತೆರೆಯುವ ದಿನ. ಹೋಟೆಲ್ ಇಷ್ಟವಾಗದಿದ್ದರೆ ನೀವು ಪಕ್ಕದ ಹೋಟೆಲಿಗೆ ಹೋಗಬಹುದು, ನಿಮ್ಮ ಬೀದಿಯ ಕಸದ ಆಟೊ ಇಷ್ಟವಾಗದಿದ್ದರೆ ಏನು ಮಾಡುತ್ತೀರಿ? ಒಂದೇ ಬೀದಿಗೆ ಇಬ್ಬರು ಗುತ್ತಿಗೆದಾರರ ಎರಡು ಗಾಡಿ ಬಂದರೆ ಡೀಸೆಲ್ ದಂಡ, ಆಳು ದಂಡ. ಹಾಗಾಗಿ ಒಂದು ಪ್ರದೇಶಕ್ಕೆ ಒಬ್ಬನೇ. ಟೆಂಡರ್ ಗೆದ್ದ ಮರುದಿನದಿಂದ ಅವಧಿ ಮುಗಿಯುವವರೆಗೂ ಅವನದೇ ರಾಜ್ಯ.

ಅವಧಿ ಮುಗಿದ ಮೇಲೆ? ಅಸಲಿ ಆಟ ಅಲ್ಲೇ. ಹೊಸ ಟೆಂಡರ್ ಕರೆಯುತ್ತಾರೆ. ಯಾರೋ ಕೋರ್ಟಿಗೆ ಹೋಗುತ್ತಾರೆ, ಇಲ್ಲವೇ ದರ ಜಾಸ್ತಿಯಾಯಿತು ಅಂತ ರದ್ದಾಗುತ್ತದೆ, ಇಲ್ಲವೇ ಒಬ್ಬನೇ ಬಿಡ್ ಹಾಕಿರುತ್ತಾನೆ. ಕಸ ಮಾತ್ರ ಕೋರ್ಟಿನ ದಿನಾಂಕಕ್ಕೆ ಕಾಯೋದಿಲ್ಲ. "ಮುಂದಿನ ಆದೇಶದವರೆಗೆ" ಅಂತ ಹಳಬನಿಗೇ ವಿಸ್ತರಣೆ ಸಿಗುತ್ತದೆ. ಬೆಂಗಳೂರಿನಲ್ಲಿ ಟೆಂಡರ್ ಮೇಲೆ ಟೆಂಡರ್ ಬಿದ್ದುಹೋದ ಕತೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. 2025ರ ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಇದನ್ನು ಮಾಫಿಯಾ ಅಂತ ಕರೆದರು. ಗುತ್ತಿಗೆದಾರರು ಒಟ್ಟಾಗಿ ಮಾಮೂಲಿ ದರಕ್ಕಿಂತ ಶೇ 85 ಜಾಸ್ತಿ ಕೇಳುತ್ತಿದ್ದಾರೆ ಎಂದರು.

ಅಷ್ಟು ಜಾಸ್ತಿ ಕೇಳುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ಪಾಲಿಕೆಯ ಹತ್ತಿರ ಸಾಕಷ್ಟು ಗಾಡಿ ಇಲ್ಲ, ಡ್ರೈವರ್ ಇಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟುವ ಊರು ಇದು. ಮೂರು ದಿನ ಎತ್ತದಿದ್ದರೆ ಯಾವ ಮಂತ್ರಿಯೂ ತಡೆದುಕೊಳ್ಳಲಾರ. ಬೇಡ ಅನ್ನುವ ಶಕ್ತಿ ಇಲ್ಲದವನು ಚೌಕಾಸಿ ಮಾಡೋದು ಹೇಗೆ?

ಬೆಳ್ಳಂದೂರು ಅಪಾರ್ಟ್‌ಮೆಂಟ್

ನಮಗೆ ಈ ಸಮಸ್ಯೆ ಇಲ್ಲ. ಘನತ್ಯಾಜ್ಯ ನಿಯಮದ ಪ್ರಕಾರ ದಿನಕ್ಕೆ 100 ಕೆಜಿಗಿಂತ ಜಾಸ್ತಿ ಕಸ ಹುಟ್ಟುವ ಕಡೆಯವರು ತಾವೇ ದಾರಿ ನೋಡಿಕೊಳ್ಳಬೇಕು. ಒಳಗೇ ಗೊಬ್ಬರ ಮಾಡಿ, ಇಲ್ಲವೇ ಅನುಮತಿ ಇರುವ ಖಾಸಗಿ ವೆಂಡರ್‌ಗೆ ದುಡ್ಡು ಕೊಟ್ಟು ಕೊಡಿ. ನಾವು ವೆಂಡರ್ ಇಟ್ಟುಕೊಂಡಿದ್ದೇವೆ. ಮೊದಲಿನವರು ಹೇಳದೆ ಕೇಳದೆ ರಜೆ ಹಾಕುತ್ತಿದ್ದರು, ಸಂಘದ ಸಭೆಯಲ್ಲಿ ಮಾತಾಡಿ ಬದಲಾಯಿಸಿದೆವು. ಹೊಸಬರು ತಿಂಗಳ ಕೊನೆಗೆ ಹಸಿ ಕಸ ಎಷ್ಟು, ಒಣ ಕಸ ಎಷ್ಟು, ತಿರಸ್ಕರಿಸಿದ್ದು ಎಷ್ಟು ಅಂತ ತೂಕದ ವರದಿ ಕಳಿಸುತ್ತಾರೆ. ಬೆರೆಸಿ ಕೊಟ್ಟ ದಿನ ಬಕೆಟ್ ಮುಟ್ಟೋದೇ ಇಲ್ಲ, ಫೋಟೊ ತೆಗೆದು ಕಾರ್ಯದರ್ಶಿಗೆ ಕಳಿಸುತ್ತಾರೆ. ಮೊದಮೊದಲು ನಮ್ಮವರಿಗೆ ಸಿಟ್ಟು ಬಂತು, ಈಗ ಎಲ್ಲರೂ ತೆಪ್ಪಗೆ ಬೇರೆ ಬೇರೆ ಮಾಡಿ ಕೊಡುತ್ತಾರೆ.

ಇದು ಪೈಪೋಟಿ ಅಲ್ವಾ? ಊರಿಗೆಲ್ಲ ಇದನ್ನೇ ಮಾಡಿದರೆ ಏನು ಕಷ್ಟ?

ಮಂಡೂರು ರೋಡ್

ನಿಮ್ಮ ವೆಂಡರ್ ಆ ಕಸವನ್ನು ಎಲ್ಲಿಗೆ ತಗೊಂಡು ಹೋಗುತ್ತಾರೆ ಅಂತ ಒಮ್ಮೆ ಗಾಡಿ ಹಿಂದೆ ಹೋಗಿ ನೋಡಿದ್ದೀರಾ ಸರ್?

ಬೆಳ್ಳಂದೂರು ಅಪಾರ್ಟ್‌ಮೆಂಟ್

ಹೋಗಿ ನೋಡಿಲ್ಲ. ಹಸಿ ಕಸ ರೈತರ ಜಮೀನಿಗೆ ಗೊಬ್ಬರಕ್ಕೆ ಅಂತ ವರದಿಯಲ್ಲಿ ಇದೆ.

ಮಂಡೂರು ರೋಡ್

ವರದಿಯಲ್ಲಿ ಇದ್ದೇ ಇರುತ್ತದೆ. ಸಿಟಿಯವರಿಗೆ ಪೈಪೋಟಿ ಅಂದರೆ ಗೇಟಿನ ಹತ್ತಿರ ಬರುವ ಗಾಡಿ. ನಮಗೆ ಆ ಗಾಡಿ ಬಂದು ನಿಲ್ಲುವ ಕಡೆಯ ಮಾತು.

ಮಾವಳ್ಳಿಪುರದಲ್ಲಿ ಖಾಸಗಿ ಕಂಪನಿ ನಡೆಸುತ್ತಿದ್ದ, ಕಸ ತಂದು ಸುರಿಯುವ ಭರ್ತಿ ಜಾಗ ಇತ್ತು. ಊರಿನವರು ತಡೆದರು, 2012ರಲ್ಲಿ ಮುಚ್ಚಿತು. ಬೆಂಗಳೂರಿನ ಬೀದಿ ಬೀದಿಯಲ್ಲಿ ಗುಡ್ಡೆ ಬಿದ್ದಿದ್ದು ಆಗಲೇ. ಆಮೇಲೆ ಲಾರಿಗಳೆಲ್ಲ ನಮ್ಮ ಮಂಡೂರಿನ ಕಡೆ ತಿರುಗಿದವು. ಅಲ್ಲೂ ಖಾಸಗಿಯವರೇ, ಕಸದಿಂದ ಕರೆಂಟ್ ಮಾಡುತ್ತೇವೆ ಅಂದಿದ್ದರು. ಕರೆಂಟ್ ಕಾಣಲಿಲ್ಲ, ಬೆಟ್ಟ ಬೆಳೆಯಿತು. 2014ರಲ್ಲಿ ಜನ ರಸ್ತೆಗೆ ಇಳಿದರು, ಪೊಲೀಸರನ್ನು ಇಟ್ಟು ಲಾರಿ ಬಿಟ್ಟರು, ಕೊನೆಗೆ ಆ ವರ್ಷದ ಡಿಸೆಂಬರ್ ಹೊತ್ತಿಗೆ ನಿಲ್ಲಿಸಿದರು. ಈಗ ಮಿಟ್ಟಗಾನಹಳ್ಳಿ ಕಡೆಯ ಕಲ್ಲು ಕ್ವಾರಿಗಳ ಸರದಿ.

ಸರ್ಕಾರಿ ಅಂದರೆ ಒಳ್ಳೇದು ಅಂತಲೂ ನಾನು ಹೇಳೋದಿಲ್ಲ. ಎಚ್‌ಎಸ್‌ಆರ್ ಬಡಾವಣೆ ಹತ್ತಿರದ ಕೆಸಿಡಿಸಿ, ಅಂದರೆ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ, 1975ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ವಾಸನೆ ತಡೆಯಕ್ಕಾಗಲ್ಲ ಅಂತ ಅಲ್ಲೂ ಜನ ಬೀದಿಗೆ ಬಂದರು. ಬೆರೆತ ಕಸ ತಂದು ಸುರಿದರೆ ಬೋರ್ಡ್ ಮೇಲೆ ಯಾರ ಹೆಸರಿದ್ದರೂ ನಾರುತ್ತದೆ.

ಟಿಪ್ಪರ್ ಗೆಳೆಯ

ನಾನು ಆಟೊ ಟಿಪ್ಪರ್ ಡ್ರೈವರ್. ಎಲ್ಲರೂ ನಮ್ಮ ಗಾಡಿ ಬಗ್ಗೆ ಮಾತಾಡುತ್ತಿದ್ದೀರಿ, ಗಾಡಿಯೊಳಗಿನಿಂದ ಹೇಗೆ ಕಾಣುತ್ತದೆ ಅಂತ ನಾನು ಹೇಳುತ್ತೇನೆ.

750 ಮನೆಗೆ ಒಂದು ಆಟೊ ಅನ್ನೋದು ಕಾಗದದ ಲೆಕ್ಕ. ಮೊದಲ ಮಹಡಿಯಲ್ಲಿ ಇಬ್ಬರು, ಮೇಲೆ ಶೀಟಿನ ಮನೆಯಲ್ಲಿ ಮೂವರು ಬಾಡಿಗೆದಾರರು ಇದ್ದರೆ ಅದೂ ಒಂದೇ ಮನೆ ಅಂತ ಬರೆದಿರುತ್ತಾರೆ. ಬೆಳಿಗ್ಗೆ ಹಾಜರಿ ಕೊಟ್ಟು ಹೊರಡುತ್ತೇವೆ. ಅರ್ಧ ಏರಿಯಾ ಮುಗಿಯುವಷ್ಟರಲ್ಲಿ ಗಾಡಿ ತುಂಬುತ್ತದೆ. ಕಾಂಪ್ಯಾಕ್ಟರ್, ಅಂದರೆ ಆಟೊಗಳ ಕಸವನ್ನು ಒತ್ತಿ ತುಂಬಿಕೊಳ್ಳುವ ದೊಡ್ಡ ಲಾರಿ, ನಿಲ್ಲುವ ಜಾಗಕ್ಕೆ ಹೋದರೆ ಅಲ್ಲಿ ನಮ್ಮ ಮುಂದೆ ಆಟೊಗಳ ಸಾಲು. ಕಾಂಪ್ಯಾಕ್ಟರ್ ಬರೋದು ತಡವಾಗಿರುತ್ತದೆ, ಯಾಕೆಂದರೆ ಹಿಂದಿನ ರಾತ್ರಿ ಕ್ವಾರಿ ಹತ್ತಿರ ಸಾಲಲ್ಲಿ ನಿಂತಿತ್ತು. ಹಸಿ ಕಸದ ನೀರು ಕೆಳಗೆ ಸೋರಿ ರೋಡೆಲ್ಲ ಜಾರುತ್ತಿರುತ್ತದೆ, ಎದುರು ಮನೆಯವರು ಬೈಯುತ್ತಿರುತ್ತಾರೆ. ಎರಡನೇ ಸುತ್ತಿಗೆ ಹೋಗುವಷ್ಟರಲ್ಲಿ ಜನ ಆಫೀಸಿಗೆ ಹೋಗಿರುತ್ತಾರೆ. ಸಂಜೆ ಅದೇ ಜನ ಕವರ್ ಕಟ್ಟಿ ಟ್ರಾನ್ಸ್‌ಫಾರ್ಮರ್ ಪಕ್ಕ ಎಸೆಯುತ್ತಾರೆ. ಬ್ಲ್ಯಾಕ್‌ಸ್ಪಾಟ್ ಹುಟ್ಟೋದು ಹೀಗೆ.

ಇನ್ನು ಬೇರೆ ಬೇರೆ ಮಾಡೋದು. ಮನೆಯವರು ಬೇರೆ ಮಾಡಿ ಕೊಟ್ಟರೂ ಕಾಂಪ್ಯಾಕ್ಟರಿನಲ್ಲಿ ಒಟ್ಟಿಗೇ ಸೇರಿದರೆ ಕೊಟ್ಟವರಿಗೆ ಬೇಜಾರಾಗುತ್ತದೆ. ಹೈಕೋರ್ಟ್ 2015ರಲ್ಲಿ ಹಸಿ ಕಸಕ್ಕೆ ಹಸಿರು ಬಕೆಟ್, ಯಾವುದಕ್ಕೂ ಬಾರದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ ಅಂತ ಆದೇಶ ಮಾಡಿತು. ಮನೆಯವರಿಗೆ ನಿಯಮ ಬಂತು. ನಮ್ಮ ಗಾಡಿಗೆ ಮಧ್ಯೆ ಒಂದು ತಗಡು ಅಡ್ಡ ಹಾಕಿಕೊಟ್ಟಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಒಣ ಕಸದಲ್ಲಿ ರಟ್ಟು, ಬಾಟಲಿ ಆರಿಸಿ ಮಾರಿದರೆ ಹೆಲ್ಪರ್‌ಗೆ ನಾಲ್ಕು ಕಾಸು. ಅದಕ್ಕೂ ಕಣ್ಣು ಹಾಕುತ್ತಾರೆ.

ಪೌರಕಾರ್ಮಿಕರಿಗೆ 2018ರಿಂದ ಗುತ್ತಿಗೆದಾರನ ಕೈ ತಪ್ಪಿ ನೇರ ಪಾವತಿ ಬಂತು. 2022ರಲ್ಲಿ ಮುಷ್ಕರ ಮಾಡಿದರು. 2025ರ ಮೇ 1ಕ್ಕೆ 12,692 ಜನಕ್ಕೆ ಕಾಯಂ ಆದೇಶ ಕೊಟ್ಟರು. ಒಳ್ಳೇದಾಯಿತು, ಅವರು ನಮ್ಮ ಅಕ್ಕ ತಂಗಿಯರೇ. ಡ್ರೈವರ್, ಹೆಲ್ಪರ್, ಲೋಡರ್ ಮಾತ್ರ ಇವತ್ತಿಗೂ ಗುತ್ತಿಗೆದಾರನ ಕೆಳಗೆ. ಒಂದೇ ಕಸ, ಒಂದೇ ರಸ್ತೆ. ಅವರಿಗೆ ಪಿಂಚಣಿ, ನಮಗೆ "ಬೇಕಾದರೆ ಇರು, ಇಲ್ಲಾಂದ್ರೆ ಹೋಗು".

ಸೌತ್‌ಎಂಡ್ ಸರ್ಕಲ್

ಅಣ್ಣ, ನೀವು ಬರೆದಿದ್ದು ನಮ್ಮ ಗುಂಪಿಗೆ ಹಾಕುತ್ತೇನೆ. ಎರಡನೇ ಸುತ್ತಿಗೆ ಯಾಕೆ ತಡ ಅಂತ ಯಾರಿಗೂ ಗೊತ್ತಿರಲಿಲ್ಲ.

ಬಿಲ್ ಬಾಕಿ

ಗುತ್ತಿಗೆದಾರ ಅಂದರೆ ಕಳ್ಳ ಅಂತ ತೀರ್ಮಾನ ಮಾಡಿಯೇ ಮಾತು ಶುರು ಮಾಡಿದ್ದೀರಿ. ಒಂದು ಸಣ್ಣ ಊರಿನಲ್ಲಿ ನಾನು ಈ ಕೆಲಸ ಮಾಡಿ ಬಿಟ್ಟವನು. ನನ್ನ ಕಡೆಯದನ್ನೂ ಕೇಳಿ.

ಆಳುಗಳಿಗೆ ತಿಂಗಳು ತಿಂಗಳು ಕೊಡಬೇಕು. ಡೀಸೆಲ್ ದಿನಾ ಹಾಕಿಸಬೇಕು. ಗಾಡಿಯ ಕಂತು 5ನೇ ತಾರೀಕು ಬ್ಯಾಂಕಿನಲ್ಲಿ ಕಟ್ ಆಗುತ್ತದೆ. ನನ್ನ ಬಿಲ್ ಮಾತ್ರ ಆರೋಗ್ಯ ನಿರೀಕ್ಷಕರ ಸಹಿ, ಎಂಜಿನಿಯರ್ ಸಹಿ, ಲೆಕ್ಕಪತ್ರ ಶಾಖೆ (ಹಳೇ ಲೆಕ್ಕಿಗರು ಕ್ಷಮಿಸಬೇಕು), ಆಯುಕ್ತರ ಸಹಿ ಅಂತ ಮೇಜಿನಿಂದ ಮೇಜಿಗೆ ಹೋಗಿ ಬರುವಾಗ ತಿಂಗಳುಗಟ್ಟಲೆ ಆಗಿರುತ್ತದೆ. ಕೈಸಾಲ ಮಾಡಿ ಸಂಬಳ ಕೊಟ್ಟಿದ್ದೇನೆ. ಆ ಬಡ್ಡಿ ಯಾರು ಕೊಡುತ್ತಾರೆ? ಮುಂದಿನ ಟೆಂಡರ್‌ನಲ್ಲಿ ದರದೊಳಗೆ ಸೇರಿಸುತ್ತೇವೆ, ಇನ್ನೇನು. ನೀವು ಅದನ್ನು ಲೂಟಿ ಅನ್ನುತ್ತೀರಿ.

ಇನ್ನೊಂದು. ದೊಡ್ಡ ಪ್ಯಾಕೇಜ್, ಕೋಟಿಗಟ್ಟಲೆ ವಹಿವಾಟು ತೋರಿಸಬೇಕು, ಭಾರಿ ಇಎಂಡಿ (ಟೆಂಡರ್ ಠೇವಣಿ) ಕಟ್ಟಬೇಕು ಅಂತ ಷರತ್ತು ಹಾಕಿದ ಕೂಡಲೇ ನನ್ನಂಥವರು ಹೊರಗೆ. ಆರು ತಿಂಗಳು ಬಿಲ್ ಬರದಿದ್ದರೂ ಉಸಿರಾಡುವವನು ಮಾತ್ರ ಉಳಿಯುತ್ತಾನೆ. ಅಂಥವರು ಒಂದು ಊರಿನಲ್ಲಿ ಎಷ್ಟು ಜನ ಇರುತ್ತಾರೆ? ಎಲ್ಲರೂ ಒಬ್ಬರಿಗೊಬ್ಬರು ಪರಿಚಯ. ಕೂಟ ಕಟ್ಟಿಕೊಂಡರು ಅನ್ನುತ್ತೀರಿ, ಕೂಟ ಆಗುವಷ್ಟೇ ಜನ ಉಳಿಯುವ ಹಾಗೆ ಟೆಂಡರ್ ಬರೆದವರು ಯಾರು?

ಹಳೇ ಲೆಕ್ಕಿಗ

ಕ್ಷಮೆ ಗಿಮೆ ಬೇಡ, ನೀವು ಹೇಳಿದ್ದು ನಿಜ. ಕಡತ ನಮ್ಮ ಶಾಖೆಯಲ್ಲೂ ಕೂತಿರುತ್ತಿತ್ತು. ಆದರೆ ಒಂದು ಮಾತು ನೀವು ಬಿಟ್ಟಿರಿ: ತೂಕ.

ಟನ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಯಾರಾದರೂ ಕಸ ಕಮ್ಮಿ ಆಗಲಿ ಅಂತ ಬಯಸುತ್ತಾರಾ? ಮನೆ ಒಡೆದ ಮಣ್ಣು, ಚರಂಡಿ ಹೂಳು, ಮಳೆಯಲ್ಲಿ ನೆನೆದ ಹಸಿ ಕಸ, ಎಲ್ಲವೂ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ದುಡ್ಡೇ. ಒಣ ಕಸ ಆರಿಸಿ ತೆಗೆದರೆ ತೂಕ ಇಳಿಯುತ್ತದೆ, ಅಂದರೆ ಬೇರೆ ಮಾಡಿದವನಿಗೇ ನಷ್ಟ. ಹಾಗಂತ ಗಾಡಿ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಕೊಟ್ಟರೆ ಒಂದು ಗಾಡಿಯ ನಂಬರ್ ಎರಡು ಕಡೆ ಬಿಲ್ ಆಗುತ್ತದೆ. ಆಳಿನ ಲೆಕ್ಕದಲ್ಲಿ ಕೊಟ್ಟಾಗ ಏನಾಯಿತು ಅಂತ ಬೆಂಗಳೂರಿನವರಿಗೆ ನೆನಪಿರಬೇಕು. 2017ರ ಹೊತ್ತಿಗೆ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ತಂದಾಗ ಪುಸ್ತಕದಲ್ಲಿದ್ದ ಸಾವಿರಗಟ್ಟಲೆ ಹೆಸರುಗಳು ಮಾಯವಾದವು. ಅಷ್ಟು ವರ್ಷ ಆ ಹೆಸರಿನ ಸಂಬಳ ಯಾರು ತಿಂದರು? ಗುತ್ತಿಗೆದಾರ ಒಬ್ಬನೇ ತಿಂದ ಅಂತ ನಂಬಲು ನನಗಂತೂ ಆಗೋದಿಲ್ಲ. ಹಾಜರಿಗೆ ಸಹಿ ಹಾಕಿದ ಸರ್ಕಾರಿ ಕೈಯೂ ಇತ್ತು.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಯಾರು ಮಾಡಬೇಕು ಅನ್ನೋದಕ್ಕಿಂತ ಮೊದಲು ಯಾವುದಕ್ಕೆ ದುಡ್ಡು ಕೊಡುತ್ತೀರಿ ಅನ್ನೋದು ತೀರ್ಮಾನ ಆಗಬೇಕು.

ಅರಿಜೋನಾ ಕನ್ನಡಿಗ

ಇಲ್ಲಿಂದ ಒಂದು ಹಳೇ ಕತೆ. ನಾನಿರುವ ಫೀನಿಕ್ಸ್ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಮನೆ ಕಸ ಎತ್ತೋದನ್ನು ಟೆಂಡರ್‌ಗೆ ಹಾಕಿದರು. ಆದರೆ ಒಂದು ವ್ಯತ್ಯಾಸ ಇತ್ತು. ನಗರದ ಸ್ವಂತ ಇಲಾಖೆಯೂ ಖಾಸಗಿ ಕಂಪನಿಗಳ ಜೊತೆ ಅದೇ ಟೆಂಡರ್‌ನಲ್ಲಿ ತನ್ನ ದರ ಬರೆದು ಮುಚ್ಚಿದ ಲಕೋಟೆ ಹಾಕಬೇಕು. ಊರನ್ನು ಭಾಗ ಮಾಡಿ ಒಂದೊಂದಾಗಿ ಕರೆದರು. ಇಲಾಖೆಯ ಲಕೋಟೆಯಲ್ಲಿ ಸುಳ್ಳು ಲೆಕ್ಕ ಇರಬಾರದು ಅಂತ ನಗರದ ಆಡಿಟರ್ ಅದನ್ನು ತಪಾಸಣೆ ಮಾಡುತ್ತಿದ್ದರು. ಕಟ್ಟಡ, ಪಿಂಚಣಿ, ಗಾಡಿಯ ಸವಕಳಿ ಎಲ್ಲ ಸೇರಲೇಬೇಕು.

ಮೊದಲ ಸುತ್ತುಗಳಲ್ಲಿ ಇಲಾಖೆ ಸೋತಿತು. ಆದರೆ ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಡ್ರೈವರ್‌ಗಳನ್ನೇ ಕೂರಿಸಿಕೊಂಡು ರೂಟ್ ಬದಲಿಸಿದರು. ಮೂವರು ಮಾಡುತ್ತಿದ್ದ ಕೆಲಸವನ್ನು ಒಬ್ಬನೇ ಮಾಡುವ, ಯಂತ್ರದ ಕೈ ಇರುವ ಲಾರಿ ತಂದರು. 1984ರಲ್ಲಿ ಒಂದು ಭಾಗ ಮತ್ತೆ ಗೆದ್ದರು, 1988ರ ಹೊತ್ತಿಗೆ ಕಳೆದುಕೊಂಡ ಎಲ್ಲ ಭಾಗವೂ ವಾಪಸ್ ಬಂತು. ಅಷ್ಟು ವರ್ಷವೂ ಊರಿನ ಒಂದು ಪಾಲು ಇಲಾಖೆಯ ಕೈಯಲ್ಲೇ ಇತ್ತು. ಯಾವ ಕಂಪನಿ ಕೈಕೊಟ್ಟರೂ ಮರುದಿನ ಹೋಗಿ ಎತ್ತುವ ಗಾಡಿ, ಆಳು ಅವರ ಹತ್ತಿರ ಇದ್ದರು.

ಕ್ವೀನ್ಸ್ ರೋಡ್

ಅಮೆರಿಕದ ಕತೆ ಚೆನ್ನಾಗಿದೆ ಸರ್, ಆದರೆ ಅಲ್ಲಿ ಮನೆ ಮುಂದೆ ಚಕ್ರದ ಡಬ್ಬ, ಅಗಲ ರಸ್ತೆ. ನಮ್ಮ ಕಾಟನ್‌ಪೇಟೆ ಗಲ್ಲಿಗೆ ಆ ಯಂತ್ರದ ಕೈ ತಿರುಗುತ್ತದಾ? ಇಲ್ಲಿಯದೇ ಉದಾಹರಣೆ ಕೊಡಿ.

ಅರಿಜೋನಾ ಕನ್ನಡಿಗ

ಲಾರಿ ತನ್ನಿ ಅಂತ ನಾನು ಹೇಳಲಿಲ್ಲ. ಲಕೋಟೆ ಹಾಕಿ ಅಂದೆ.

ಹಳೇ ಲೆಕ್ಕಿಗ

ಇಲ್ಲಿಯದೇ ಬೇಕಾದರೆ ಇಂದೋರ್ ಇದೆ. ಅಲ್ಲಿ ಮೊದಲು ಖಾಸಗಿ ಕಂಪನಿ ಇತ್ತು, ಕೆಲಸ ಸರಿ ಇರಲಿಲ್ಲ. ಅವರನ್ನು ಬಿಡಿಸಿ ನಗರ ನಿಗಮವೇ ಗಾಡಿ ಕೊಂಡು, ಸ್ವಂತ ವರ್ಕ್‌ಶಾಪ್ ಮಾಡಿ, ಮನೆ ಮನೆಗೆ ಹೋಯಿತು. 2017ರಲ್ಲಿ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನಕ್ಕೆ ಬಂದು ಆಮೇಲೂ ವರ್ಷ ವರ್ಷ ಬಿಟ್ಟುಕೊಡಲಿಲ್ಲ. ಆದರೆ ಎತ್ತಿದ ಹಸಿ ಕಸದಿಂದ ಗ್ಯಾಸ್ ಮಾಡುವ 550 ಟನ್‌ನ ಘಟಕ ಖಾಸಗಿ ಸಹಭಾಗಿತ್ವದ್ದು, 2022ರಲ್ಲಿ ಶುರುವಾಯಿತು. ಎತ್ತೋದು ಸರ್ಕಾರ, ಸಂಸ್ಕರಣೆ ಖಾಸಗಿ. ಘಟಕಕ್ಕೆ ಯಂತ್ರ, ತಂತ್ರಜ್ಞಾನ, ಬಂಡವಾಳ ಬೇಕು, ಅಲ್ಲಿ ಖಾಸಗಿಯವರಿಗೆ ಅನುಕೂಲ ಇದೆ. ಬೇರೆ ಮಾಡಿದ ಕಸವೇ ಒಳಗೆ ಹೋಗೋದರಿಂದ ಘಟಕವೂ ನಡೆಯುತ್ತದೆ. ನಾವು ಬೆಂಗಳೂರಿನಲ್ಲಿ ಎತ್ತೋದನ್ನು ಖಾಸಗಿಗೆ ಕೊಟ್ಟೆವು.

ಮೈಲಾಪುರದಿಂದ

ಚೆನ್ನೈ ಕತೆಯನ್ನೂ ಸೇರಿಸಿ. 2000ದಲ್ಲಿ ಮೂರು ವಲಯ ವಿದೇಶಿ ಕಂಪನಿಗೆ, ಆಮೇಲೆ ಇನ್ನೊಂದು ಕಂಪನಿಗೆ, ಆಮೇಲೆ ಮತ್ತೊಂದಕ್ಕೆ. 2020ರಲ್ಲಿ ಏಳು ವಲಯಗಳನ್ನು ಎಂಟು ವರ್ಷಕ್ಕೆ ಕೊಟ್ಟರು. ಈ ಸಲ ಟನ್ ಲೆಕ್ಕ ಬಿಟ್ಟು, ಕೆಲಸ ಎಷ್ಟು ಚೆನ್ನಾಗಿ ಆಗಿದೆ ಅನ್ನೋದಕ್ಕೆ ಅಂಕ ಕೊಟ್ಟು ಅದರ ಮೇಲೆ ದುಡ್ಡು ಅಂತ ಮಾಡಿದರು. ರಸ್ತೆ ಚೊಕ್ಕಟ ಆಗಿರುವುದು ನಾನೇ ಕಣ್ಣಾರೆ ನೋಡುತ್ತಿದ್ದೇನೆ. ಆದರೆ 2025ರ ಆಗಸ್ಟ್‌ನಲ್ಲಿ ಇನ್ನೂ ಎರಡು ವಲಯ ಖಾಸಗಿಗೆ ಹೋದಾಗ ಕಾರ್ಮಿಕರು ಪಾಲಿಕೆ ಕಚೇರಿಯಾದ ರಿಪ್ಪನ್ ಬಿಲ್ಡಿಂಗ್ ಎದುರು ದಿನಗಟ್ಟಲೆ ಕೂತರು, ಪೊಲೀಸರು ಮಧ್ಯರಾತ್ರಿ ಎಬ್ಬಿಸಿ ಕರೆದುಕೊಂಡು ಹೋದರು. ಕಂಪನಿಗೆ ಹೋದರೆ ಕೈಗೆ ಬರುವ ಸಂಬಳ ಇಳಿಯುತ್ತದೆ ಅನ್ನೋದು ಅವರ ದೂರು. ರಸ್ತೆ ಚೊಕ್ಕಟ ಆಗಿದ್ದು ಯಾರ ಸಂಬಳ ಕತ್ತರಿಸಿ ಅಂತ ಕೇಳಬೇಕಾಗುತ್ತದೆ.

ಟಿಪ್ಪರ್ ಗೆಳೆಯ

ಅದನ್ನೇ ನಾನು ಹೇಳಿದ್ದು.

ಕುಡ್ಲದವ

ನಮ್ಮ ಮಂಗಳೂರಿನದ್ದು ಕೇಳಿ ಮಾರಾಯ್ರೆ. 2015ರಿಂದ ಇಡೀ ಊರು ಒಂದೇ ಕಂಪನಿಗೆ, ಏಳು ವರ್ಷದ ಗುತ್ತಿಗೆ. ಒಬ್ಬರೇ ಆದರೆ ಜವಾಬ್ದಾರಿ ಗೊತ್ತಾಗುತ್ತದೆ ಅಂತ ಆಗ ಹೇಳಿದ್ದರು. ಡ್ರೈವರ್‌ಗಳು ಒಂದು ದಿನ ಕೆಲಸ ನಿಲ್ಲಿಸಿದರೆ ಇಡೀ ಊರಿನ ಕಸ ನಿಂತಿತು ಅಂತ ಲೆಕ್ಕ. ಬೇರೆ ಗಾಡಿಯೇ ಇಲ್ಲವಲ್ಲ. ಅವಧಿ ಮುಗಿದ ಮೇಲೂ ವಿಸ್ತರಣೆ, ಅದೇ ನೀವು ಹೇಳಿದ ಹಾಗೆ. ಆಮೇಲೆ ಪಾಲಿಕೆಯೇ ಗಾಡಿ ಕೊಳ್ಳುವ ದಾರಿ ಹಿಡಿಯಿತು.

ಪಚ್ಚನಾಡಿ ನೆನಪಿದೆಯಾ? 2019ರ ಆಗಸ್ಟ್ ಮಳೆಗೆ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಕಡೆ ಇಳಿಯಿತು. ಅಡಿಕೆ ತೋಟ, ತೆಂಗು, ಮನೆ ಎಲ್ಲದರ ಮೇಲೆ. ಜನ ಊರು ಬಿಟ್ಟರು. ಬೆಂಗಳೂರಿನವರು ಎತ್ತುವ ಗಾಡಿಯ ಬಗ್ಗೆ ಇಷ್ಟು ಮಾತಾಡುತ್ತೀರಿ, ಮಂಡೂರಿನವರು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ದೇವರಾಜ ಮಾರ್ಕೆಟ್

ಮೈಸೂರಿನಿಂದ ಒಂದು ಸಣ್ಣ ಉತ್ತರ. ಕುಂಬಾರಕೊಪ್ಪಲಿನಲ್ಲಿ ಶೂನ್ಯ ತ್ಯಾಜ್ಯ ಘಟಕ ಇದೆ. ಜಾಗ ಪಾಲಿಕೆಯದು, ನಡೆಸಿಕೊಂಡು ಬಂದಿದ್ದು ನಾಗರಿಕರ ಒಕ್ಕೂಟ. ಸುತ್ತಲಿನ ವಾರ್ಡುಗಳ ಕಸ ಅಲ್ಲೇ ಬಂದು, ಬೇರೆ ಬೇರೆಯಾಗಿ, ಹಸಿ ಕಸ ಗೊಬ್ಬರ ಆಗಿ, ಒಣದ್ದು ಮಾರಾಟ ಆಗುತ್ತದೆ. ಅಲ್ಲಿ ಹೋದರೆ ಚಪ್ಪಲಿ ಒಂದು ಕಡೆ, ಹಾಲಿನ ಕವರ್ ಒಂದು ಕಡೆ, ಗಾಜು ಒಂದು ಕಡೆ ರಾಶಿ ಇರುತ್ತದೆ. ಪೂರ್ತಿ ಸರ್ಕಾರಿಯೂ ಅಲ್ಲ, ಕಂಪನಿಯೂ ಅಲ್ಲ. ಇಡೀ ಮೈಸೂರಿಗೆ ಇದು ಸಾಕಾಗೋದಿಲ್ಲ, ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಹತ್ತಿರ ಗುಡ್ಡ ಇದ್ದೇ ಇದೆ, ವಾಸನೆಯೂ ಇದೆ. 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ಅಂತ ನಾವು ಬೀಗುವಾಗ ಆ ಕಡೆ ಮೂಗು ಮುಚ್ಚಿಕೊಂಡೇ ಹೋಗಬೇಕು.

ಶಿವಾಜಿನಗರ ಗುಜರಿ

ಇಷ್ಟು ಹೊತ್ತು ಪಾಲಿಕೆ, ಕಂಪನಿ ಅಂತ ಇಬ್ಬರದ್ದೇ ಮಾತು. ಮೂರನೆಯವರು ನಾವು. ಯಾರೂ ಟೆಂಡರ್ ಕೊಡದೇ ಇದ್ದಾಗಲೂ ಈ ಊರಿನ ಬಾಟಲಿ, ರಟ್ಟು, ಕಬ್ಬಿಣ ಎತ್ತಿದ್ದು ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಯವರು. ಪಾಲಿಕೆಗೆ ಒಂದು ಪೈಸೆ ಖರ್ಚಿಲ್ಲ. 2011ರಲ್ಲಿ ಚಿಂದಿ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಘಟನೆಗಳ ಜೊತೆ ಸೇರಿ ಅದೇ ಜನ ವಾರ್ಡಿನ ಒಣ ಕಸ ಕೇಂದ್ರ ನಡೆಸುವಂತಾಯಿತು.

ಪುಣೆಯಲ್ಲಿ 2008ರಿಂದ ಸ್ವಚ್ಛ್ ಅಂತ ಚಿಂದಿ ಆಯುವವರದ್ದೇ ಸಹಕಾರ ಸಂಘ ಮನೆ ಮನೆ ಕಸ ಎತ್ತುತ್ತಿದೆ. ಮನೆಯವರು ತಿಂಗಳ ದುಡ್ಡನ್ನು ನೇರ ಅವರ ಕೈಗೇ ಕೊಡುತ್ತಾರೆ, ಒಣ ಕಸ ಮಾರಿದ ಕಾಸೂ ಅವರದ್ದೇ. ಬೇರೆ ಮಾಡದೆ ಕೊಟ್ಟರೆ ಅವರ ಹೊಟ್ಟೆಗೇ ಹೊಡೆತ, ಹಾಗಾಗಿ ಬೇರೆ ಮಾಡಿಸಿಯೇ ಬಿಡುತ್ತಾರೆ. ದೊಡ್ಡ ಕಂಪನಿಗೆ ಕೊಡೋಣ ಅಂತ ಅಲ್ಲೂ ಪ್ರಯತ್ನ ನಡೆಯಿತು. ಕಂಪನಿ ಬಂದ ಕಡೆ ಮೊದಲು ಬೀದಿಗೆ ಬೀಳೋದು ನಮ್ಮ ಜನ. ಯಾಕೆಂದರೆ ಬೆಲೆ ಬಾಳುವ ಒಣ ಕಸ ಗಾಡಿಯೊಳಗೆ ಹೋಗಿ ಬೀಗ ಬೀಳುತ್ತದೆ.

ಬೆಳ್ಳಂದೂರು ಅಪಾರ್ಟ್‌ಮೆಂಟ್

ಪುಣೆ ಲೆಕ್ಕ ನನಗೆ ಹಿಡಿಸಿತು. ದುಡ್ಡು ಕೊಡುವವನೂ ಸೇವೆ ಪಡೆಯುವವನೂ ಒಬ್ಬನೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸ ನಡೆಯೋದೂ ಅದಕ್ಕೇ. ಅಂದ ಹಾಗೆ ಮಂಡೂರಿನವರು ಕೇಳಿದ್ದಕ್ಕೆ ವೆಂಡರ್‌ಗೆ ಫೋನ್ ಮಾಡಿದೆ. ಭಾನುವಾರ ಬನ್ನಿ, ಗೊಬ್ಬರದ ಜಾಗ ತೋರಿಸುತ್ತೇವೆ ಅಂದಿದ್ದಾರೆ.

ಮಂಡೂರು ರೋಡ್

ಹೇಳಿ ಹೋದರೆ ತೋರಿಸುವುದು ಚೆನ್ನಾಗಿಯೇ ಇರುತ್ತದೆ. ಹೇಳದೆ ಬುಧವಾರ ಹೋಗಿ.

ಸೌತ್‌ಎಂಡ್ ಸರ್ಕಲ್

ಈಗ ಬೆಂಗಳೂರಿಗೆ ಐದು ಪಾಲಿಕೆ ಆಗಿದೆ. ಕಸಕ್ಕೆ ಅಂತ ಬೇರೆ ಕಂಪನಿ, ಬಿಎಸ್‌ಡಬ್ಲ್ಯುಎಂಎಲ್, 2021ರಿಂದ ಇದೆ, ಅದೂ ಸರ್ಕಾರದ್ದೇ. ಲೆಕ್ಕಿಗರೇ, ಐದು ಪಾಲಿಕೆ ಅಂದರೆ ಐದು ಕಡೆ ಹೋಲಿಸಿ ನೋಡಬಹುದು, ಇದೂ ಒಂಥರಾ ಪೈಪೋಟಿಯೇ ಅಲ್ವಾ?

ಹಳೇ ಲೆಕ್ಕಿಗ

ಆಗಬಹುದು, ಒಂದು ಷರತ್ತಿನ ಮೇಲೆ. ಐದೂ ಕಡೆ ಒಂದೇ ನಮೂನೆಯಲ್ಲಿ ಲೆಕ್ಕ ಹೊರಗೆ ಬರಬೇಕು. ಒಂದು ಮನೆಗೆ ತಿಂಗಳಿಗೆ ಎಷ್ಟು ಖರ್ಚು, ಒಂದು ಟನ್‌ಗೆ ಎಷ್ಟು, ಎಷ್ಟು ಕಸ ಗೊಬ್ಬರವಾಯಿತು, ಎಷ್ಟು ಕ್ವಾರಿಗೆ ಹೋಯಿತು. ಇದಿಲ್ಲದೆ ಹೋಲಿಕೆ ಅಂದರೆ ಸುಮ್ನೆ ಮಾತು.

ನನ್ನನ್ನು ಕೇಳಿದರೆ, ಪ್ರತಿ ಪಾಲಿಕೆಯೂ ನಾಲ್ಕರಲ್ಲಿ ಒಂದು ಪಾಲು ವಾರ್ಡುಗಳನ್ನು ಸ್ವಂತ ಗಾಡಿ, ಸ್ವಂತ ಡ್ರೈವರ್ ಇಟ್ಟು ನಡೆಸಲಿ. ಟಿಪ್ಪರ್ ಗೆಳೆಯನಂಥವರನ್ನು ಅಲ್ಲಿಗೆ ತೆಗೆದುಕೊಳ್ಳಲಿ. ಆಗ ಅಸಲಿ ಖರ್ಚು ಎಷ್ಟು ಅಂತ ಪಾಲಿಕೆಗೇ ಗೊತ್ತಿರುತ್ತದೆ. ಗುತ್ತಿಗೆದಾರ ಶೇ 85 ಜಾಸ್ತಿ ಕೇಳಿದರೆ "ನಮಗೆ ಇಷ್ಟರಲ್ಲಿ ಆಗುತ್ತಿದೆ, ನಿನಗೆ ಯಾಕೆ ಆಗಲ್ಲ?" ಅಂತ ಕಾಗದ ಮುಂದಿಟ್ಟು ಕೇಳಬಹುದು. ಮುಷ್ಕರ ಆದರೆ ಆ ಗಾಡಿಗಳನ್ನೇ ಎರಡು ಪಾಳಿ ಓಡಿಸಬಹುದು. ಪಾಲಿಕೆಯ ವಾರ್ಡ್ ಕೆಟ್ಟದಾಗಿದ್ದರೆ ಅದೂ ಬಯಲಾಗುತ್ತದೆ. ಇಷ್ಟು ವರ್ಷ ಎರಡೂ ಕಡೆಯವರು ಒಬ್ಬರ ನೆರಳಲ್ಲಿ ಇನ್ನೊಬ್ಬರು ಬಚ್ಚಿಟ್ಟುಕೊಂಡಿದ್ದಾರೆ.

ಬಿಲ್ ಬಾಕಿ

ಹಾಗೆ ಮಾಡಿ, ಬಿಲ್ ಮೂವತ್ತು ದಿನದಲ್ಲಿ ಕೊಡಿ, ಪ್ಯಾಕೇಜ್ ಸಣ್ಣದು ಮಾಡಿ. ನಾನು ನಾಳೆಯೇ ವಾಪಸ್ ಟೆಂಡರ್ ಹಾಕುತ್ತೇನೆ. ಪಾಲಿಕೆಯ ಖರ್ಚಿಗಿಂತ ಕಮ್ಮಿಯಲ್ಲೇ ಮಾಡಿ ತೋರಿಸುತ್ತೇನೆ.

ಟಿಪ್ಪರ್ ಗೆಳೆಯ

ಕಮ್ಮಿ ಮಾಡೋದು ಹೆಲ್ಪರ್ ಪಿಎಫ್‌ನಲ್ಲಿ ಅಲ್ಲ ತಾನೇ ಅಣ್ಣ?

ಬಿಲ್ ಬಾಕಿ

ಪಿಎಫ್ ಚಲನ್ ಇಲ್ಲದೆ ಬಿಲ್ ಪಾಸ್ ಮಾಡಬೇಡಿ ಅಂತ ನೀವೇ ಬರೆಸಿ. ನನಗೆ ತೊಂದರೆ ಇಲ್ಲ. ಎಲ್ಲರಿಗೂ ಒಂದೇ ನಿಯಮ ಇರಲಿ, ಕಟ್ಟದವನು ದರದಲ್ಲಿ ನನ್ನನ್ನು ಸೋಲಿಸೋದು ತಪ್ಪುತ್ತದೆ.

ಸೌತ್‌ಎಂಡ್ ಸರ್ಕಲ್

ನಮ್ಮ ವಾರ್ಡಿನ ವಿಷಯಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂತ ಇದ್ದೇನೆ. ಏನೇನು ಕೇಳಬೇಕು?

ಹಳೇ ಲೆಕ್ಕಿಗ

"ಕಸ ಯಾಕೆ ಎತ್ತುತ್ತಿಲ್ಲ" ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ಕಾಗದ ಕೇಳಿ. ಈಗಿನ ಕೆಲಸದ ಆದೇಶದ ಪ್ರತಿ, ಅವಧಿ ಮುಗಿದಿದ್ದರೆ ವಿಸ್ತರಣೆ ಆದೇಶಗಳ ಪ್ರತಿ. ಒಂದು ತಿಂಗಳಿನ ತೂಕದ ಚೀಟಿಗಳು, ಅವುಗಳಲ್ಲಿ ಗಾಡಿ ನಂಬರ್ ಇರುತ್ತದೆ. ಅದೇ ತಿಂಗಳ ಬಿಲ್, ಅದರ ಜೊತೆಗಿನ ಪಿಎಫ್, ಇಎಸ್‌ಐ ಚಲನ್. ಗಾಡಿ ನಂಬರ್‌ಗಳನ್ನು ನಿಮ್ಮ ಬೀದಿಗೆ ಬರುವ ಗಾಡಿಗಳ ಜೊತೆ ಹೋಲಿಸಿ ನೋಡಿ.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಆದೇಶಗಳಿಗೆ ಒಂದು, ಬಿಲ್ ಮತ್ತು ತೂಕಕ್ಕೆ ಇನ್ನೊಂದು ಅಂತ ಎರಡು ಅರ್ಜಿ ಹಾಕಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದನ್ನೇ ನೆಪ ಮಾಡಿಕೊಂಡು ತಳ್ಳಿಹಾಕುತ್ತಾರೆ.

ಕ್ವೀನ್ಸ್ ರೋಡ್

ಒಕ್ಕಣೆ ಬರೆದ ಮೇಲೆ ಇಲ್ಲೇ ಹಾಕಿ. ನಮ್ಮ ವಾರ್ಡಿಗೂ ಅದನ್ನೇ ಹಾಕುತ್ತೇನೆ.

ಕುಡ್ಲದವ

ನಮ್ಮಲ್ಲಿಯೂ.